ಸಿಡುಕಿನ ಕುದುರೆಯನ್ನು ಪಳಗಿಸುವ ಬಗೆ

ಬೀದರ್ ಸೀಮೆಯಲ್ಲಿ ಮದುವೆಯ ಮೆರವಣಿಗೆಗೆಂದು ಕುದುರೆ ಸಾಕುವವರು, ಪ್ರಾಣಿ ಬೆದರಿದೊಡನೆ ಚಾಟಿ ಎತ್ತುವ ಮುನ್ನ ನಿಜಿನ್‌ಸ್ಕಿ ಎಂಬ ಪಂದ್ಯದ ಕುದುರೆಯನ್ನು ನೆನೆಯುವುದು ಒಳಿತು. 1967ರಲ್ಲಿ ಕೆನಡಾದಲ್ಲಿ ಹುಟ್ಟಿದ ಈ ಥರೋಬ್ರೆಡ್ ತಳಿಯ ಕುದುರೆ, ಐರ್ಲೆಂಡಿನ ತರಬೇತುದಾರ ವಿನ್ಸೆಂಟ್ ಓಬ್ರಿಯನ್ ಅವರ ಲಾಯಕ್ಕೆ ಬಂದಾಗ ಓಟ್ಸ್ ಮುಟ್ಟಲಿಲ್ಲ. ಅದು ತಿಂದು ರೂಢಿಯಾಗಿದ್ದ ಆಹಾರವನ್ನೇ ಕೆನಡಾದಿಂದ ತರಿಸಬೇಕಾಯಿತು, ಆದರೆ ಅದು ತಲುಪುವಷ್ಟರಲ್ಲಿ ಕುದುರೆ ತಾನಾಗಿಯೇ ಓಟ್ಸ್ ತಿನ್ನತೊಡಗಿತ್ತಂತೆ! ಆದ್ದರಿಂದ ಹೊಸ ಮೇವನ್ನು ಒಮ್ಮೆಲೇ ಹೇರದೆ, ಹಳೆಯದರೊಂದಿಗೆ ಬೆರೆಸುತ್ತ ವಾರ, ಹತ್ತು ದಿನಗಳಲ್ಲಿ ಬದಲಿಸಬೇಕು.

1970ರಲ್ಲಿ ಇಂಗ್ಲೆಂಡಿನ ಟೂ ಥೌಸಂಡ್ ಗಿನೀಸ್, ಡರ್ಬಿ, ಸೇಂಟ್ ಲೆಜರ್ ಎಂಬ ಮೂರೂ ಪಂದ್ಯಗಳನ್ನು ಗೆದ್ದ ನಿಜಿನ್‌ಸ್ಕಿ, ಅದೇ ವರ್ಷ ಪ್ಯಾರಿಸ್ಸಿನ ಆರ್ಕ್ ಪಂದ್ಯದಲ್ಲಿ ಜನಜಂಗುಳಿಗೆ ಕಂಗೆಟ್ಟು ಬೆವೆತು, ಕೂದಲೆಳೆಯ ಅಂತರದಲ್ಲಿ ಸೋತಿತು. ಬೇಸಿಗೆಯಲ್ಲಿ ತಗುಲಿದ ಹುಳುಕಡ್ಡಿಯೂ ಅದನ್ನು ಬಳಲಿಸಿತ್ತು. ನಿಮ್ಮ ಕುದುರೆ ಹಾಗೆ ಗದ್ದಲಕ್ಕೆ ಕಂಗೆಡದಂತೆ, ಬ್ಯಾಂಡಿನ ಸದ್ದನ್ನು ಮೊದಲು ದೂರದಿಂದ, ದಿನದಿನಕ್ಕೆ ಹತ್ತಿರದಿಂದ ಕೇಳಿಸಿರಿ. ಒಬ್ಬನೇ ಪರಿಚಿತ ಆಳು, ಹಿಂದಿನಿಂದ ಬಾರದೆ, ಕುದುರೆಯ ಭುಜದ ಪಕ್ಕದಿಂದ ಮಾತನಾಡಿಸುತ್ತ ಬರಲಿ. ದಿಢೀರನೆ ಹಟ ಹೆಚ್ಚಿದರೆ ಅದನ್ನು ಕೊಬ್ಬೆಂದು ಭಾವಿಸದೆ, ಹಲ್ಲು, ಬೆನ್ನು, ಗೊರಸುಗಳನ್ನು ಪಶುವೈದ್ಯರಿಗೆ ತೋರಿಸಿರಿ. ಬೀದರಿನಲ್ಲಿಯೇ ಪಶುವೈದ್ಯಕೀಯ ಕಾಲೇಜು ಇರುವಾಗ ನೋವನ್ನು ಸಿಡುಕೆಂದು ತಪ್ಪು ತಿಳಿಯಲು ಕಾರಣವಿಲ್ಲ.