ಬಾಗಿಲ ಮುಂದಿನ ಚಪ್ಪಲಿ ರಾಶಿ

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತಮುತ್ತ ಮೇಲಿಂದ ಮೇಲೆ ಭೂಮಿ ನಡುಗಿತು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ನಾನು ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ. ಆ ವಾರವೆಲ್ಲ ಮಕ್ಕಳದು ಒಂದೇ ಪ್ರಶ್ನೆ: "ಟೀಚರ್, ಸಾಲ್ಯಾಗ ಇದ್ದಾಗ ಆದ್ರ ಏನ್ ಮಾಡ್ಬೇಕ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಕಡೆ ಭೂಕಂಪ ಅಂದರೆ ಇವತ್ತಿಗೂ ಮಹಾರಾಷ್ಟ್ರದ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಕಡೆಯ ಕಲ್ಲು-ಮಣ್ಣಿನ ಗೋಡೆಗಳೂ ಭಾರದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆಯೇ ಬಿದ್ದವು. ಹತ್ತಿರ ಹತ್ತಿರ 10,000 ಜನ ಹೋದರು. ಹಾಗಾಗಿ ಹಿರಿಯರು ಮಕ್ಕಳಿಗೆ ಹೇಳಿಕೊಡುವುದು ಒಂದೇ: ಓಡು.

ಮೊದಲ ಅಣಕು ಪ್ರದರ್ಶನದಲ್ಲಿ ನಮ್ಮ ಮಕ್ಕಳು ಅದನ್ನೇ ಮಾಡಿದರು. ಗಂಟೆ ಬಾರಿಸಿದ ಕೂಡಲೇ ನಾಲ್ಕನೇ ತರಗತಿಯ ಮಕ್ಕಳೆಲ್ಲ ಒಂದೇ ಬಾಗಿಲಿಗೆ ನುಗ್ಗಿದರು. ಹೊಸ್ತಿಲ ಆಚೆ ಅವರದೇ ಚಪ್ಪಲಿಗಳ ರಾಶಿ. ಒಬ್ಬ ಹುಡುಗಿ ಎಡವಿ ಬಿದ್ದಳು, ಅವಳ ಮೇಲೆ ಇನ್ನಿಬ್ಬರು. ಮೊಣಕಾಲು ತರಚಿ ರಕ್ತ ಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಬಾಗಿಲನ್ನು ದಿನಾ ಹತ್ತು ಸಲ ದಾಟುತ್ತೇನೆ, ಚಪ್ಪಲಿ ರಾಶಿ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ಮಕ್ಕಳೇ ಚಪ್ಪಲಿಗಳನ್ನು ವರಾಂಡದ ಗೋಡೆಗುಂಟ ಸಾಲಾಗಿ ಇಟ್ಟರು. ಓಡುವುದನ್ನೂ ಬಿಡಿಸಿದೆ. ನಮ್ಮದು ಆರ್‌ಸಿಸಿ, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟಿನ ಕಟ್ಟಡ. ನಡುಗುವಷ್ಟು ಹೊತ್ತು ಒಳಗೇ ಬಗ್ಗಿ ಕೂರಬೇಕು, ನಡುಕ ನಿಂತ ಮೇಲೆ ಸಾಲಾಗಿ ಹೊರಗೆ ಬರಬೇಕು. ನಿಜವಾಗಿ ನಡುಗಿದಾಗ ಗಂಟೆ ಬಾರಿಸಲು ಯಾರೂ ಇರುವುದಿಲ್ಲ, ನೆಲ ಅಲುಗಿದ್ದೇ ಗಂಟೆ.

ಡೆಸ್ಕಿನ ಕೆಳಗೆ ಸೇರಿಕೊಳ್ಳಿ ಅಂತ ಭೂಕಂಪದ ಚಿತ್ರಪಟದಲ್ಲಿದೆ. ಒಂದರಿಂದ ಮೂರನೇ ತರಗತಿಯ ನಲಿಕಲಿ ಮಕ್ಕಳು ನೆಲದ ಮೇಲೆ ಕೂರುತ್ತಾರೆ, ಅವರಿಗೆ ಡೆಸ್ಕ್ ಎಲ್ಲಿದೆ? ಅವರಿಗೆ ಬೇರೆ ಕಲಿಸಿದೆವು: ಕಿಟಕಿಗೆ ಬೆನ್ನು ಮಾಡು, ಮಂಡಿಯೂರಿ ಬಗ್ಗು, ಪಾಟಿಚೀಲ ತಲೆ-ಕುತ್ತಿಗೆ ಮೇಲೆ ಹಿಡಿ. ಬೀರುವಿನ ಹತ್ತಿರ ಮಾತ್ರ ಬೇಡ. ಅದರ ಮೇಲಿದ್ದ ತೂಕದ ಬಟ್ಟು, ಹಳೇ ಟ್ರಂಕ್ ಎಲ್ಲ ಕೆಳಗಿಳಿಸಿ, ವೆಲ್ಡಿಂಗ್ ಅಂಗಡಿಯವರಿಂದ ಬೀರುವನ್ನು ಗೋಡೆಗೆ ಬಿಗಿಸಿದೆವು. ಬಿಸಿಯೂಟದ ಅಕ್ಕನೂ ಈಗ ನಮ್ಮ ಜೊತೆ ಅಭ್ಯಾಸ ಮಾಡುತ್ತಾರೆ. ಗ್ಯಾಸ್ ಬಂದ್ ಮಾಡುವುದು ಅವರ ಕೆಲಸ. ಹೊರಗೆ ಬಂದು ಸೇರಲು ಮೊದಲು ಬೇವಿನ ಮರದ ನೆರಳು ಆರಿಸಿದ್ದೆವು. ತಲೆ ಎತ್ತಿ ನೋಡಿದರೆ ಮೇಲೆ ಕರೆಂಟಿನ ತಂತಿ. ಜಾಗ ಬದಲಿಸಿದೆವು.

ಆರನೇ ತರಗತಿಯಲ್ಲಿ ಕಾಲಿಗೆ ಬಲವಿಲ್ಲದ ಹುಡುಗನೊಬ್ಬ ಇದ್ದ. ಅವನನ್ನು ಎತ್ತಿಕೊಂಡು ಬರಲು ಇಬ್ಬರನ್ನು ನೇಮಿಸಿದ್ದೆ. ಎರಡು ಸಲ ಸುಮ್ನೆ ಎತ್ತಿಸಿಕೊಂಡ. ಮೂರನೇ ಸಲ ಹೇಳಿದ, "ಎತ್ತಬ್ಯಾಡ್ರಿ ಟೀಚರ್, ನನ್ನ ಕೋಲು ಮೂಲ್ಯಾಗ ಇರ್ತದ. ಕೈಗೆ ಸಿಗೂ ಹಂಗ ಇಟ್ರ ಸಾಕು." ಅವನನ್ನೇ ಒಂದು ಮಾತು ಕೇಳಬೇಕಿತ್ತು ಅಲ್ವಾ? ಅಂದಿನಿಂದ ಕೋಲು ಅವನ ಬೆಂಚಿನ ಪಕ್ಕವೇ ಇರುತ್ತಿತ್ತು. ಮುಂದಿನ ಅಭ್ಯಾಸದಲ್ಲಿ ಗೆಳೆಯರ ನಡುವೆ ನಡೆದುಕೊಂಡೇ ಬಂದ.

ಮನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಎಷ್ಟೋ ಮಕ್ಕಳ ಮನೆ ಕಲ್ಲು-ಮಣ್ಣಿನದು, ಶಾಲೆಯ ಪಾಠ ಅಲ್ಲಿಗೆ ಹಾಗೇ ಹೊಂದುವುದಿಲ್ಲ. ಅಂಥ ಮನೆಯಲ್ಲಿ ಬಾಗಿಲು ಹತ್ತಿರವಿದ್ದರೆ ಕೂಡಲೇ ಬಯಲಿಗೆ ಬರುವುದೇ ಮೇಲು. ಮುಂದಿನ ಪಾಲಕರ ಸಭೆಯಲ್ಲಿ ಎರಡೇ ಮಾತು ಕೇಳಿದೆ: ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸುತ್ತೀರಿ? ಅವರ ತಲೆಯ ಮೇಲಿನ ಅಟ್ಟದಲ್ಲಿ ಏನಿದೆ? ಒಬ್ಬ ತಾಯಿ ಸಭೆ ಮುಗಿಯುವ ಮೊದಲೇ ಎದ್ದು ಮನೆಗೆ ಹೋದರು, ಬೀಸುಕಲ್ಲು ಕೆಳಗಿಳಿಸಲು.