ಅಜ್ಜಿ ರೊಟ್ಟಿಯನ್ನು ಓದಿದಾಗ

ಫ್ರಜೈಲ್ ಎಕ್ಸ್ ಎಂಬ, ಕಲಿಕೆಯನ್ನೂ ಮಾತನ್ನೂ ಬಾಧಿಸುವ ವಂಶವಾಹಿ ತೊಂದರೆ ಇರುವ ಹುಡುಗರ ಅರಿವನ್ನು ಪ್ರಶ್ನೆ ಕೇಳಿ ಅಳೆಯುವುದರಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಮುಖ ತಿರುಗಿಸುತ್ತಾರೆ. ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ದಾವಣಗೆರೆಯಲ್ಲಿ ವಾಕ್ ಚಿಕಿತ್ಸಕಿಯಾಗಿರುವ ನಾನು ಇಇಜಿಯ ಕಡೆ, ಅಂದರೆ ಮಿದುಳಿನ ವಿದ್ಯುತ್ ಅಲೆಯನ್ನು ತಲೆಯ ಮೇಲಿನಿಂದಲೇ ಅಳೆಯುವ ಪರೀಕ್ಷೆಯ ಕಡೆ, ಹೊರಳಿದ್ದು ಅದಕ್ಕೇ. ಅಲ್ಲಿ ಉತ್ತರ ಹೇಳಬೇಕಿಲ್ಲ, ಕೇಳಿಸಿಕೊಂಡರೆ ಸಾಕು.

ವಾಕ್ಯಕ್ಕೆ ಹೊಂದದ ಪದ ಬಂದಾಗ ಸುಮಾರು 400 ಮಿಲಿಸೆಕೆಂಡಿನ ಹೊತ್ತಿಗೆ ಮಿದುಳಿನ ವಿದ್ಯುತ್ ಅಲೆ ಋಣ ದಿಕ್ಕಿಗೆ ವಾಲುತ್ತದೆ. 1980ರಲ್ಲಿ ಮಾರ್ತಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಇದನ್ನು ವರದಿ ಮಾಡಿದರು, ಹೆಸರು ಎನ್400. ಅವರು ವಾಕ್ಯಗಳನ್ನು ಓದಿಸಿದ್ದರು. ಓದು ಬಾರದ ಮಕ್ಕಳಿಗೆ ನಾನು ಕೇಳಿಸಿದೆ.

ವಾಕ್ಯ ಕಟ್ಟುವುದೇ ದೊಡ್ಡ ಕೆಲಸವಾಯಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಎಡವಟ್ಟನ್ನು ಅಲ್ಲೇ ಇಡಬಹುದು: 'ಅಜ್ಜಿ ರೊಟ್ಟಿಯನ್ನು ತಟ್ಟಿದಳು', 'ಅಜ್ಜಿ ರೊಟ್ಟಿಯನ್ನು ಓದಿದಳು'. ಆದರೆ ಅದೇ 'ಓದಿದಳು' ಇನ್ನೊಂದು ಕಡೆ 'ಅಕ್ಕ ಪುಸ್ತಕವನ್ನು ಓದಿದಳು' ಎಂದು ಸರಿಯಾಗಿಯೂ ಬರಬೇಕು. ಇಲ್ಲವಾದರೆ ನಾವು ನೋಡುವ ವ್ಯತ್ಯಾಸ ಅರ್ಥದ್ದೋ ಬರೀ ಸದ್ದಿನದ್ದೋ ಹೇಳಲಾಗದು. ಕ್ರಿಯಾಪದದ ಮೊದಲ ಸದ್ದಿಗೇ ಯಂತ್ರದಲ್ಲಿ ಗುರುತು ಬೀಳುವಂತೆ ಒಂದೊಂದು ಧ್ವನಿಮುದ್ರಣವನ್ನೂ ಕೂತು ಕತ್ತರಿಸಿದೆ. ಮಂಡಕ್ಕಿ, ಬೆಣ್ಣೆ ದೋಸೆ, ಬಸ್ಸು, ಎಮ್ಮೆ – ಮನೆಯಲ್ಲಿ ಕೇಳದ ಪದ ಒಂದೂ ಇರಲಿಲ್ಲ.

ಇನ್ನು ಅಲೆ ಹಿಡಿಯುವ ಎಲೆಕ್ಟ್ರೋಡುಗಳಿರುವ ಟೋಪಿ. ಈ ಮಕ್ಕಳಿಗೆ ತಲೆ ಮುಟ್ಟಿದರೆ ಆಗದು. ಎಲೆಕ್ಟ್ರೋಡಿಲ್ಲದ ಹಳೆಯ ಟೋಪಿಯನ್ನು ಮೊದಲೇ ಮನೆಗೆ ಕಳಿಸಿ, ಟಿವಿ ನೋಡುವಾಗ ಹಾಕಿ ರೂಢಿ ಮಾಡಿಸಿ ಎನ್ನುತ್ತಿದ್ದೆ. ಹಿಂದಿನ ದಿನ ತಲೆ ತೊಳೆಸಿ, ಎಣ್ಣೆ ಹಚ್ಚಬೇಡಿ ಎಂದರೂ ಕೆಲವರು ಕೊಬ್ಬರಿ ಎಣ್ಣೆ ಸುರಿದು, ನೀಟಾಗಿ ಬಾಚಿ ಕರೆತರುತ್ತಿದ್ದರು. ಆಸ್ಪತ್ರೆಗೆ ಕೆದರಿದ ತಲೆಯಲ್ಲಿ ಕಳಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ! ಬೇಸಿಗೆಯ ಬೆವರು ಬೇರೆ; ಅಲೆಯ ಗೆರೆಯೇ ನಿಧಾನಕ್ಕೆ ಜಾರತೊಡಗುತ್ತದೆ.

ಧ್ವನಿಯನ್ನು ತಗ್ಗಿಸಿಯೇ ಇಟ್ಟೆ. ಎಕ್ಸ್ ವರ್ಣತಂತುವಿನ ಎಫ್‌ಎಂಆರ್1 ವಂಶವಾಹಿಯಲ್ಲಿ ಸಿಜಿಜಿ ಎಂಬ ತುಣುಕು 200ಕ್ಕೂ ಹೆಚ್ಚು ಸಲ ಮರುಕಳಿಸಿದರೆ ಸಾಮಾನ್ಯವಾಗಿ ಆ ವಂಶವಾಹಿ ಮೌನವಾಗುತ್ತದೆ, ಅದರ ಪ್ರೋಟೀನ್ ತಯಾರಾಗುವುದಿಲ್ಲ; ಫ್ರಜೈಲ್ ಎಕ್ಸ್ ಬರುವುದು ಹೀಗೆ. ಅಂಥ ಮಿದುಳು ಸದ್ದಿಗೆ ಜೋರಾಗಿ ಸ್ಪಂದಿಸುತ್ತದೆ, ಮತ್ತೆ ಮತ್ತೆ ಕೇಳಿದರೂ ಸುಲಭಕ್ಕೆ ಒಗ್ಗುವುದಿಲ್ಲ. ಮೂಕಿ ಕಾರ್ಟೂನ್ ಹಾಕಿ, ನಡುನಡುವೆ ಬಿಡುವು ಕೊಟ್ಟು ವಾಕ್ಯ ಕೇಳಿಸಿದೆ.

ಒಬ್ಬ ಹುಡುಗನ ಅಜ್ಜಿ ಪರದೆ ನೋಡಿ, "ಇವನಿಗೆ ನಮ್ಮ ಮಾತು ತಿಳಿಯುತ್ತದೋ ಇಲ್ಲವೋ ಹೇಳಿಬಿಡಮ್ಮ" ಎಂದರು. ಎನ್400 ಕೆಲವೇ ಮೈಕ್ರೋವೋಲ್ಟಿನ ಅಲೆ. ಹತ್ತಾರು ವಾಕ್ಯಗಳ ಸರಾಸರಿ ತೆಗೆದ ಮೇಲೆಯೇ ಕಾಣುತ್ತದೆ. ಗುಂಪನ್ನು ಗುಂಪಿನೊಂದಿಗೆ ಹೋಲಿಸಲು ಸರಿ, ಆದರೆ ಒಂದು ಮಗುವಿನಲ್ಲಿ ಅಲೆ ಕಾಣದಿದ್ದರೆ ತಿಳಿವಳಿಕೆಯೇ ಇಲ್ಲ ಎಂದು ಬರೆದುಕೊಡಲು ನಾನು ಒಪ್ಪುವುದಿಲ್ಲ. ಅಜ್ಜಿಗೂ ಅದನ್ನೇ ಹೇಳಿದೆ. ಜೊತೆಗೆ, ಮುಖ ನೋಡು ಎಂದು ಒತ್ತಾಯಿಸದೆ ಪಕ್ಕದಲ್ಲಿ ಕೂತು ಮಾತಾಡಿಸಿ, ಉತ್ತರಕ್ಕೆ ಅವಸರ ಮಾಡಬೇಡಿ ಎಂದೆ. "ಅವನ ಅಪ್ಪನಿಗೂ ನೀನೇ ಹೇಳು" ಎಂದು ಫೋನ್ ಹಚ್ಚಿ ನನ್ನ ಕೈಗಿಟ್ಟರು.