ಮನೆಯಲ್ಲಿ ನೆಬ್ಯುಲೈಜರ್: ಸಿಒಪಿಡಿ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ

ಬೀಡಿ, ಸಿಗರೇಟು ಸೇದಿ, ಇಲ್ಲವೇ ದಶಕಗಳ ಕಾಲ ಸೌದೆ ಒಲೆಯ ಹೊಗೆ ಕುಡಿದು ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬಂದವರಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಇನ್‌ಹೇಲರ್. ಅದನ್ನು ಸ್ಪೇಸರ್ (ಔಷಧವನ್ನು ಕ್ಷಣಕಾಲ ಹಿಡಿದಿಡುವ ಟೊಳ್ಳು ಕೊಳವೆ) ಜೋಡಿಸಿ ಸರಿಯಾದ ಕ್ರಮದಲ್ಲಿ ಎಳೆದುಕೊಂಡರೆ ಹೆಚ್ಚಿನವರಿಗೆ, ದ್ರವ ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರವಾದ ನೆಬ್ಯುಲೈಜರ್‌ನಷ್ಟೇ ಗುಣ ಸಿಗುತ್ತದೆ. ಯಂತ್ರ ಬೇಕಾಗುವುದು ಉಸಿರನ್ನು ಬೇಕಾದಷ್ಟು ಎಳೆದುಕೊಳ್ಳಲಾಗದವರಿಗೆ, ಕೈ ನಡುಗುವ ವೃದ್ಧರಿಗೆ ಮತ್ತು ದಮ್ಮು ಉಲ್ಬಣಿಸಿದ ದಿನಗಳಲ್ಲಿ.

ಮೊದಲು ಸೋಪಿನಿಂದ ಕೈ ತೊಳೆದು, ರೋಗಿಯನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಬೇಕು. ಮಲಗಿದಲ್ಲೇ ಕೊಟ್ಟರೆ ಔಷಧ ಶ್ವಾಸಕೋಶದ ಕೆಳಭಾಗಕ್ಕೆ ಚೆನ್ನಾಗಿ ತಲುಪುವುದಿಲ್ಲ. ವೈದ್ಯರು ಹೇಳಿದ, ಒಂದು ಸಲದ ಔಷಧವಿರುವ ಪುಟ್ಟ ಪ್ಲಾಸ್ಟಿಕ್ ಕೊಳವೆಯಾದ ರೆಸ್ಪ್ಯೂಲ್‌ನ ತುದಿ ಮುರಿದು ಔಷಧವನ್ನು ಯಂತ್ರದ ಕಪ್ಪಿಗೆ ಹಿಂಡಬೇಕು. ತೆಳುಮಾಡಲು ಹೇಳಿದ್ದರೆ ಕ್ರಿಮಿರಹಿತ ನಾರ್ಮಲ್ ಸಲೈನ್ (ಔಷಧ ದರ್ಜೆಯ ಉಪ್ಪುನೀರು) ಮಾತ್ರ ಬಳಸಬೇಕೇ ಹೊರತು ನಲ್ಲಿಯ ನೀರನ್ನಾಗಲಿ, ಕುದಿಸಿ ಆರಿಸಿದ ನೀರನ್ನಾಗಲಿ ಸೇರಿಸಬಾರದು. ಕಪ್ಪನ್ನು ನೆಟ್ಟಗೆ ಹಿಡಿದು, ಬಾಯಿಯಿಂದ ನಿಧಾನವಾಗಿ ಉಸಿರಾಡುತ್ತ, ಆಗಾಗ ಒಂದು ಆಳವಾದ ಉಸಿರೆಳೆದು ಎರಡು ಮೂರು ಸೆಕೆಂಡು ತಡೆದರೆ ಸಾಕು. ಹತ್ತು ನಿಮಿಷದ ಆಸುಪಾಸಿನಲ್ಲಿ ಕಪ್ಪು ಗುರ್‌ಗುಟ್ಟಿ ಮಂಜು ನಿಲ್ಲುತ್ತದೆ. ತಳದಲ್ಲಿ ಸ್ವಲ್ಪ ಔಷಧ ಉಳಿಯುವುದು ಸಹಜ. ಅದನ್ನು ಮುಂದಿನ ಸರದಿಗೆ ಇಟ್ಟುಕೊಳ್ಳದೆ ಚೆಲ್ಲಬೇಕು.

ಸಾಧ್ಯವಿದ್ದವರಿಗೆ ಮಾಸ್ಕ್‌ಗಿಂತ ಮೌತ್‌ಪೀಸ್ (ತುಟಿಗಳ ನಡುವೆ ಹಿಡಿಯುವ ನಳಿಕೆ) ಒಳ್ಳೆಯದು ಎಂಬುದು ನನ್ನ ಒತ್ತಾಯ. ಶ್ವಾಸನಾಳ ಸಡಿಲಿಸುವ ಇಪ್ರಾಟ್ರೋಪಿಯಂ ಇರುವ ಔಷಧದ ಮಂಜು ಸಡಿಲ ಮಾಸ್ಕ್‌ನಿಂದ ಕಣ್ಣಿಗೆ ತಾಗಿದರೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ಕಣ್ಣಿನ ಒತ್ತಡ ಏರಬಹುದು. ಬುಡೆಸೊನೈಡ್‌ನಂತಹ ಸ್ಟೀರಾಯ್ಡ್ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ನೀರನ್ನು ಉಗುಳಬೇಕು, ಮಾಸ್ಕ್ ಹಾಕಿದ್ದರೆ ಮುಖವನ್ನೂ ತೊಳೆಯಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟಿನ ಸೋಂಕು ಆಗಬಹುದು. ಶ್ವಾಸನಾಳ ಹಿಗ್ಗಿಸುವ ಲೆವೊಸಾಲ್ಬುಟಮಾಲ್‌ನಿಂದ ಸ್ವಲ್ಪ ಹೊತ್ತು ಕೈ ನಡುಗಿ ಎದೆ ಬಡಿತ ಹೆಚ್ಚುವುದುಂಟು. ಅದು ತೀವ್ರವಾದರೆ ಅಥವಾ ಎದೆ ನೋವು ಕಾಣಿಸಿಕೊಂಡರೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಸಂಪರ್ಕಿಸಬೇಕು.

ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇದೆಯೆಂದು ಕಪ್ಪನ್ನು ಅದಕ್ಕೆ ಜೋಡಿಸುವುದು ಅಪಾಯ. ಸಿಒಪಿಡಿ ಇರುವ ಕೆಲವರಲ್ಲಿ ಹೆಚ್ಚು ಆಕ್ಸಿಜನ್ ಹೋದಷ್ಟೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಮಂಪರು ಕವಿಯುತ್ತದೆ. ಆದ್ದರಿಂದಲೇ ಅಂಥವರಿಗೆ ಸಾಮಾನ್ಯವಾಗಿ ಶೇಕಡ 88ರಿಂದ 92ರ ನಡುವಿನ ರಕ್ತದ ಆಕ್ಸಿಜನ್ ಮಟ್ಟವನ್ನು ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಮಾಮೂಲಿ ಗಾಳಿಯನ್ನು ಒತ್ತಿ ಕಳಿಸುವ ಕಂಪ್ರೆಸರ್ ಯಂತ್ರವೇ ಸರಿ. ಔಷಧ ಕೊಟ್ಟರೂ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ಅಥವಾ ಮಾತು ತಡವರಿಸಿ ಮಂಪರಾದರೆ ಮತ್ತೊಂದು ರೆಸ್ಪ್ಯೂಲ್ ಒಡೆಯುತ್ತ ಕೂರದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಹಳ ಮನೆಗಳಲ್ಲಿ ಕಡೆಗಣಿಸಲ್ಪಡುವುದು ಶುಚಿತ್ವ, ಆದರೆ ಆ ಕಪ್ಪಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಮಂಜಿನೊಡನೆ ನೇರವಾಗಿ ಈಗಾಗಲೇ ಸೋತ ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರತಿ ಸಲ ಬಳಸಿದ ಮೇಲೂ ಕಪ್ಪು, ಮೌತ್‌ಪೀಸ್, ಮಾಸ್ಕ್‌ಗಳನ್ನು ಬಿಸಿನೀರು ಮತ್ತು ಸೋಪಿನಿಂದ ತೊಳೆದು, ಕೊನೆಯಲ್ಲಿ ಕುದಿಸಿ ಆರಿಸಿದ ನೀರಿನಿಂದ ಜಾಲಾಡಿಸಿ, ಬಟ್ಟೆಯಿಂದ ಒರೆಸದೆ ಶುಭ್ರ ಟಿಶ್ಯೂ ಕಾಗದದ ಮೇಲೆ ತಾನಾಗಿ ಒಣಗಲು ಬಿಡಬೇಕು. ಕುದಿಸಬಹುದೇ ಎಂಬುದು ಪ್ಲಾಸ್ಟಿಕ್ಕಿನ ಗುಣದ ಮೇಲೆ ನಿಂತಿರುವುದರಿಂದ ಯಂತ್ರದ ಜೊತೆ ಬಂದ ಕೈಪಿಡಿಯನ್ನು ನೋಡಬೇಕು. ಯಂತ್ರದಿಂದ ಕಪ್ಪಿಗೆ ಗಾಳಿ ತರುವ ಕೊಳವೆಯನ್ನು ತೊಳೆಯುವಂತಿಲ್ಲ, ಒಳಗೆ ಪಸೆ ಕಂಡರೆ ಅದನ್ನು ಕಪ್ಪಿನಿಂದ ಬಿಡಿಸಿ ಯಂತ್ರವನ್ನು ಒಂದೆರಡು ನಿಮಿಷ ಹಾಗೆಯೇ ಓಡಿಸಿದರೆ ಗಾಳಿಗೆ ಒಣಗುತ್ತದೆ. ಕಂಪ್ರೆಸರ್‌ನ ಪುಟ್ಟ ಫಿಲ್ಟರ್ ಬೂದುಬಣ್ಣಕ್ಕೆ ತಿರುಗಿದ್ದರೆ ಹೊಸದನ್ನು ಹಾಕಬೇಕು.